ಕೆಸರಿನಲ್ಲಿ ಹಗುರ ಕಾಲು

“ಒತ್ತೇ, ಇನ್ನೂ ಜೋರಾಗಿ ಒತ್ತು!” ಎಂದು ಅಪ್ಪ ಕೂಗಿದರು. ಕೆಸರಿನಲ್ಲಿ ಹೂತ ಹೊಸ ಜೀಪಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಅಕ್ಕ ಹೆರಿಗೆ ನೋವಿಗೆ ಹಲ್ಲು ಕಚ್ಚಿ ಕೂತಿದ್ದಳು. ಸ್ಟೇರಿಂಗ್ ಹಿಡಿದಿದ್ದ ತಂಗಿ, ಮೂವತ್ತು ವರ್ಷ ಲಾರಿ ಓಡಿಸಿದ ಅಪ್ಪನ ಮಾತನ್ನು ಎಂದೂ ಮೀರಿದವಳಲ್ಲ. ಈಗ ಮಾತ್ರ ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ಎತ್ತಿಬಿಟ್ಟಳು.

“ತಲೆ ಕೆಟ್ಟಿದ್ಯಾ ನಿಂಗೆ?”

“ಸುಮ್ನಿರಿ ಅಪ್ಪಾ, ಇದು ನಿಮ್ಮ ಲಾರಿ ಅಲ್ಲ.”

ಗೇರಿನ ಪಕ್ಕದಲ್ಲಿ, ನೆಲಕ್ಕೆ ತಕ್ಕಂತೆ ಓಟ ಬದಲಿಸುವ ನಾಬನ್ನು ಕೆಸರಿನ ಚಿತ್ರವಿದ್ದ ಕಡೆಗೆ ತಿರುಗಿಸಿ, ಆಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟಷ್ಟು ಮೆಲ್ಲಗೆ ಒತ್ತಿದಳು. ಅಡಿಯಲ್ಲಿ ಕಟಕಟ ಸದ್ದಾಯಿತು. ಸುಮ್ಮನೆ ಸುತ್ತುತ್ತಿದ್ದ ಚಕ್ರಕ್ಕೆ ಜೀಪು ತಾನೇ ಬ್ರೇಕ್ ಹಾಕಿ, ಹಿಡಿತ ಸಿಕ್ಕ ಚಕ್ರಕ್ಕೆ ಬಲ ಕೊಟ್ಟಿತು. ಒಂದು ಗೇಣು ಸರಿಯಿತು, ಆಮೇಲೆ ಒಂದು ಮಾರು. ಮುಂದಿನ ಚಕ್ರ ಗಟ್ಟಿ ನೆಲ ಕಚ್ಚಿದ್ದೇ ತಡ, ಜೀಪು ಕೆಸರು ಕೊಡವಿಕೊಂಡು ಟಾರು ರಸ್ತೆ ಹತ್ತಿತು.

ಅಪ್ಪ ಡ್ಯಾಶ್‌ಬೋರ್ಡ್ ಬಡಿದು ಹಿಂದಕ್ಕೆ ತಿರುಗಿದರು. “ನೋಡಿದ್ಯೇನೇ, ನನ್ ಮಗಳನ್ನ!”

“ನಾನೂ ನಿಮ್ ಮಗಳೇ ಅಪ್ಪಾ,” ಅಕ್ಕ ನೋವಿನಲ್ಲೂ ನಕ್ಕುಬಿಟ್ಟಳು. “ಮೊದ್ಲು ಆಸ್ಪತ್ರೆ ಮುಟ್ಸಿ!”