ನಾವ

ಮರಾಠಿ ಅರ್ಜಿಯ ಮೊದಲ ಗೆರೆಯಲ್ಲಿ ‘ನಾವ’ ಎಂದು ಅಚ್ಚಾಗಿರುವುದನ್ನು ಕಂಡರೆ ಇವತ್ತಿಗೂ ನನ್ನ ಮೂಗಿಗೆ ಹೊಳೆಯ ಕೆಸರಿನ ವಾಸನೆ ಬಡಿಯುತ್ತದೆ.

ಮರಾಠಿಯಲ್ಲಿ ನಾವ ಅಂದರೆ ಹೆಸರು, ದೋಣಿಯೂ ಹೌದು. ಕನ್ನಡ ಆಡುವ ನಮ್ಮ ಮನೆಯಲ್ಲಿ ನಾವ ಅಂದರೆ ನಾವೇ.

ನನಗೆ ಐದು ವರ್ಷವಿದ್ದಾಗ ಕೃಷ್ಣೆ ಸಾಂಗಲಿಯ ನಮ್ಮ ಗಲ್ಲಿಗೆ ನುಗ್ಗಿದಳು. ಅವ್ವ, ನಾನು, ಅಜ್ಜಿ ಮಾಳಿಗೆ ಹತ್ತಿ ಕುಳಿತೆವು. ಅಜ್ಜಿಯನ್ನು ನಾನೂ ಗಲ್ಲಿಯವರೂ ಆಯಿ ಅನ್ನುತ್ತಿದ್ದೆವು. ಅವಳ ಮಗ್ಗುಲಲ್ಲಿ ಅವಳ ಆಡು. ಮಧ್ಯಾಹ್ನ ಯಾರೋ "ನಾವ ಆಲಿ" ಎಂದು ಕೂಗಿದರು. ದೋಣಿ ಬಂದಿತ್ತು. ಆಡನ್ನು ಹತ್ತಿಸಿಕೊಳ್ಳಲು ದೋಣಿಯವನು ಒಪ್ಪಲಿಲ್ಲ.

"ನೀವ ಹೋಗ್ರಿ. ನಾವ ಮುಂದಿನ ನಾವದಾಗ ಬರ್ತೇವಿ," ಅಂದಳು ಆಯಿ, ಆಡಿನ ಒದ್ದೆ ಕಿವಿ ಒರೆಸುತ್ತ.

"ಹಟಾ ಮಾಡಬ್ಯಾಡ್ರಿ, ಅತ್ತಿ," ಎಂದು ಅವ್ವ ಅತ್ತಳು.

ದೋಣಿ ಹೊರಟಾಗ ನಾನು ಕೈ ಬೀಸಿದೆ. ಆಯಿ ಆಡಿನ ಮುಂಗಾಲು ಎತ್ತಿ ನನ್ನ ಕಡೆ ಬೀಸಿದಳು. ನೀರು ಆಗಲೇ ಮೇಲಿನ ಮೆಟ್ಟಿಲಿಗೆ ಬಂದಿತ್ತು.

ನಮ್ಮನ್ನು ವಿಶ್ರಾಮಬಾಗದ ಶಾಲೆಯೊಂದರಲ್ಲಿ ಇಳಿಸಿದರು. ಮೂರನೆಯ ದಿನ, ಕಾಣೆಯಾದವರ ಪಟ್ಟಿ ಹಿಡಿದು ಒಬ್ಬ ನಮ್ಮ ಚಾಪೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ನನ್ನ ಕಡೆ ತಿರುಗಿದ.

"ಆಜಿಚಂ ನಾವ?"

ಆಯಿಗೆ ಇನ್ನೊಂದು ಹೆಸರಿತ್ತೆಂದು ನನಗೆ ಗೊತ್ತಿರಲಿಲ್ಲ.

"ನಾವ ಬರಲೇ ಇಲ್ರಿ," ಅಂದೆ.

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ ಆ ಗೆರೆಯನ್ನು ಖಾಲಿ ಬಿಟ್ಟು ಮುಂದಿನ ಚಾಪೆಗೆ ಹೋದ.