ಮನೆಯಲ್ಲಿದ್ದೇ ಪಾಸಾದವಳು

ಹೆಡ್‌ಮಾಸ್ತರ ಮಾಲಿಂಗಪ್ಪನವರು ಕರದಂಟಿನ ತುಂಡೊಂದನ್ನು ರಶೀದಾಬಿಯ ಕೈಗಿಟ್ಟು, “ಬಾಯಿ ಸಿಹಿ ಮಾಡ್ಕೋರಿ. ನಿಮ್ಮ ಉಜ್ಮಾ ಓದಿನಾಗೂ ಪಾಸು, ಲೆಕ್ಕದಾಗೂ ಪಾಸು,” ಎಂದರು.

ರಶೀದಾಬಿಗೆ ಏನೂ ತಿಳಿಯಲಿಲ್ಲ. ಅಲ್ಲ, ಶಾಲೆಶಾಲೆಗೆ ಬಂದು ಮಕ್ಕಳ ಓದು, ಲೆಕ್ಕ ನೋಡುವ ಸರಕಾರದ ಪರೀಕ್ಷೆಯ ದಿನ ಮನೆಯಲ್ಲಿ ತನ್ನ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹುಡುಗಿ ಪಾಸಾಗುವುದೆಂದರೆ ಹೇಗೆ? ಅವತ್ತು ಮಗಳನ್ನು ಶಾಲೆಗೆ ಕಳಿಸಬೇಡಿರೆಂದು ಹೇಳಿಕಳಿಸಿದ್ದವರು ಇದೇ ಹೆಡ್‌ಮಾಸ್ತರರು. ಮಾಸ್ತರರು ಹೇಳಿದ ಮೇಲೆ ಏನೋ ಕಾರಣ ಇರಬೇಕೆಂದು ರಶೀದಾಬಿ ಎರಡನೇ ಮಾತು ಕೇಳಿರಲಿಲ್ಲ. ಓದಿದವರನ್ನು ಬಡವರು ಯಾವ ಕಾಲಕ್ಕೆ ಎದುರು ನಿಂತು ಕೇಳಿದ್ದಾರೆ, ಬಿಡಿ.

“ನಾ ಪಾಸು ನಪಾಸು ಕೇಳಾಕ ಬಂದಿಲ್ರಿ ಸರ,” ಎಂದಳು. “ಓದಾಕ ಬರದ ಹುಡುಗೂರಿಗೆ ಬ್ಯಾರೆ ಮಾಸ್ತರ ಬರ್ತಾರ, ಸೋಮವಾರದಿಂದ ಸಂಜಿ ಕ್ಲಾಸು ಚಾಲೂ ಅಂತ ಶೋಭಾ ಅಕ್ಕೋರು ಹೇಳಿದ್ರು. ಅದಕ್ಕ ಈಕಿನ್ನ ಹಚ್ಚಿ ಹೋಗಾಕ ಬಂದೇನಿ.”

ಉಜ್ಮಾ ತಾಯಿಯ ಸೆರಗು ಹಿಡಿದು ನಿಂತಿದ್ದಳು. ನಾಲ್ಕನೆಯ ತರಗತಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಿದ್ದಳು, ಕೂಡಿಸಿ ಓದು ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದಳು. ಆಕೆಯ ಅಪ್ಪ ಅಸ್ಫಾಕ ಒಂದೇ ಮಾತು ಹೇಳಿಬಿಟ್ಟಿದ್ದ. ಈ ವರ್ಷ ಮುಗಿಯುವುದರೊಳಗೆ ಮಗಳು ತನ್ನ ಮುಂದೆ ಕೂತು ಒಂದು ಪಾಠ ಓದಿ ತೋರಿಸಬೇಕು, ಇಲ್ಲದಿದ್ದರೆ ಶಾಲೆ ಬಿಟ್ಟು ಅತ್ತೆಯ ಜೊತೆ ಗೋಕಾಕಕ್ಕೆ ಮನೆಗೆಲಸಕ್ಕೆ ಹೋಗಬೇಕು. ಹಿರಿಯ ಮಗಳನ್ನು ಹೀಗೆಯೇ ಬಿಡಿಸಿದ್ದ. ರಶೀದಾಬಿಗೆ ಉಳಿದಿದ್ದ ಆಸೆಯೆಂದರೆ ಈ ಸಂಜೆಯ ಕ್ಲಾಸು ಒಂದೇ.

ಮಾಲಿಂಗಪ್ಪನವರು ತಲೆ ಕೆರೆದುಕೊಂಡರು. “ಆ ಕ್ಲಾಸು ನಮ್ಮ ಸಾಲಿಗಿಲ್ರಿ. ಪರೀಕ್ಷಾದಾಗ ಹಿಂದ ಬಿದ್ದ ಸಾಲಿಗೆ ಅಷ್ಟ ಕೊಡ್ತಾರ. ನಮ್ಮಲ್ಲಿ ಹಿಂದ ಬಿದ್ದವ್ರು ಯಾರೂ ಇಲ್ಲಂತ ಮ್ಯಾಲಿನವ್ರು ಹೇಳ್ಯಾರ.”

“ಯಾರೂ ಇಲ್ಲಾ? ಈಕಿ ಇಲ್ಲೇ ನಿಂತಾಳಲ್ರಿ!” ರಶೀದಾಬಿ ಬಾಗಿಲ ಬಳಿಯಿದ್ದ ಶೋಭಾ ಟೀಚರ್ ಕಡೆ ತಿರುಗಿದಳು. “ಅಕ್ಕೋರ, ನೀವರೆ ಹೇಳ್ರಿ, ಇದೇನ ನಡದೈತ್ರಿ?”

ಶೋಭಾ ಬಾಗಿಲು ಮುಂದೆ ಮಾಡಿ ಹತ್ತಿರ ಬಂದರು. “ಅವತ್ತು ಈಕಿ ಹೆಸರ್ಲೆ ಆರನೇ ಕ್ಲಾಸಿನ ಫರೀನನ್ನ ಕುಂಡ್ರಿಸಿದ್ರು, ರಶೀದಾಬಿ. ಓದಾಕ ಬರದವ್ರ ಜಾಗಾದಾಗೆಲ್ಲ ದೊಡ್ಡ ಹುಡುಗೂರು. ಪರೀಕ್ಷಾ ಮಾಡಾಕ ಬಂದವ್ರು ಹೊರಗಿನವ್ರು, ಅವ್ರಿಗೆ ಯಾರ ಗುರ್ತು ಇರತೈತಿ? ನಾ ಬ್ಯಾಡ ಅಂದ್ನಿ…” ಬೇಡವೆಂದವರು ಆಮೇಲೆ ಸುಮ್ಮನೆ ಕೂತಿದ್ದರು, ಅಷ್ಟೇ.

ಹೆಡ್‌ಮಾಸ್ತರರಿಗೆ ಸಿಟ್ಟು ಬಂತು. “ನಿಮಗೇನ ಗೊತ್ತು? ಹೋದ ವರ್ಷ ನಮ್ಮ ಸಾಲಿ ಎಲ್ಲಾರಕಿಂತ ಕೆಳಗ ಬಂದಿತ್ತು. ತುಂಬಿದ ಮೀಟಿಂಗಿನ್ಯಾಗ ನನ್ನ ಎಬ್ಬಿಸಿ ನಿಲ್ಲಿಸಿ ಮಾನ ಕಳದ್ರು. ಈ ಸಲ ಹಂಗಾಗಬಾರದಂತ ಮಾಡಿದ್ದು. ಕ್ಲಾಸು ತಪ್ಪತೈತಿ ಅಂತ ನನಗೇನ ಕನಸ ಬಿದ್ದಿತ್ತ?”

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು ಪುಣ್ಯಾತ್ಮರು! ಅವರ ಮರ್ಯಾದೆಯೇನೋ ಉಳಿಯಿತು. ಬರಬೇಕಾಗಿದ್ದ ಮಾಸ್ತರರು ಮಾತ್ರ ಪಕ್ಕದೂರಿನ ಶಾಲೆಯ ಪಾಲಾದರು.

“ಹಂಗಾದ್ರ ಖರೆ ಏನೈತಿ ಅದನ್ನ ಮ್ಯಾಲಿನವ್ರಿಗೆ ಹೇಳಿಬಿಡ್ರಿ ಸರ. ನಿಮಗ ಕೈ ಮುಗೀತೇನಿ.”

“ಹೇಳಿದ್ರ ನನ್ನ ನೌಕರಿ ಹೋಗತೈತಿ. ಬರೋ ವರ್ಷ ಮತ್ತ ಪರೀಕ್ಷಾ ಬರತೈತಿ, ಆಗ ನೋಡೂಣಂತ.”

“ಬರೋ ವರ್ಷ ಈಕಿ ಸಾಲ್ಯಾಗ ಇರೂದಿಲ್ರಿ. ಅವರಪ್ಪ ಬಿಡಸ್ತಾನ.”

“ಯಾಕ ಬಿಡಸ್ತಾನ? ಪಾಸಾದ ಹುಡಗಿ! ನಿನ್ನ ಮಗಳು ಛಲೋ ಓದತಾಳ ಅಂತ ಮ್ಯಾಲಿನವ್ರ ಹೇಳ್ಯಾರ ಅಂತ ಅವನಿಗೆ ಹೇಳ್ರಿ,” ಎಂದು ಮಾಲಿಂಗಪ್ಪನವರು ಹಲ್ಲು ಗಿಂಜಿದರು.

ರಶೀದಾಬಿಯ ಮೈಯೆಲ್ಲ ಉರಿದುಹೋಯಿತು. ಆ ಖೋಲಿಯಲ್ಲಿ ಆಕೆ ಯಾವತ್ತೂ ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ. ಸೆರಗಿನಿಂದ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹುಡುಗಿಯನ್ನು ಹೆಡ್‌ಮಾಸ್ತರರ ಮೇಜಿನ ಮುಂದೆ ತಂದು ನಿಲ್ಲಿಸಿದಳು.

“ಆ ಓದಾಕ ಬರೂ ಉಜ್ಮಾ ಎಲ್ಲಿ ಅದಾಳ್ರಿ ಸರ? ಆಕಿನ್ನ ನನ್ನ ಕೂಡ ಮನಿಗೆ ಕಳಸ್ರಿ, ಅವರಪ್ಪನ ಮುಂದ ಕುಂಡ್ರಿಸಿ ಓದಸ್ತೇನಿ. ಈಕಿನ್ನ ನೀವ ಇಟ್ಕೋರಿ.”