ಮೇಸ್ತ್ರಿಯ ಹೂಂ

ಮೇಸ್ತ್ರಿಯ ಹೆಂಡತಿ ದನದ ಹಿಂಡಿ ಮಿಲ್ಲಿನ ಆಫೀಸಿಗೆ ಬಂದು, ಮ್ಯಾನೇಜರ್ ಕೂತ್ಕೊಳಿ ಅಂದರೂ ಕೂರದೆ, ಮಗಳ ಮದುವೆಯ ಕರೆಯೋಲೆಯನ್ನು ಮೇಜಿನ ಮೇಲಿಟ್ಟಳು. ಅವಳ ಹಿಂದೆಯೇ ಬಂದ ಮೇಸ್ತ್ರಿ, ತಲೆ ಹುಬ್ಬಿನ ಮೇಲೆಲ್ಲ ಹಿಂಡಿಯ ಪುಡಿ ಹೊತ್ತುಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಮದುವೆ ವಾರ ಪೂರ್ತಿ ಇವರು ಮಿಲ್ಲಲ್ಲೇ ಇರ್ತಾರಂತಲ್ಲ ಸಾರ್. ಹೆಣ್ಣಿನ ಅಪ್ಪ ಎಲ್ಲಿ ಅಂತ ಬೀಗರು ಕೇಳಿದ್ರೆ ಯಾರನ್ನ ತೋರಿಸ್ಲಿ?"

ಹೊಸ ಮ್ಯಾನೇಜರ್ ಗಾಬರಿಯಾಗಲಿಲ್ಲ. ಬಂದ ದಿನದಿಂದ ಆತ ಪ್ರತಿ ಸೋಮವಾರ ಒಬ್ಬೊಬ್ಬ ಕೆಲಸಗಾರನನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿಸಿ, ಆಡಿದ ಮಾತನ್ನೆಲ್ಲ ಮುದ್ದಾದ ಅಕ್ಷರದಲ್ಲಿ ಬರೆದಿಡುತ್ತಿದ್ದ. ಫೈಲು ತೆಗೆದು ಹೋದ ಸೋಮವಾರದ್ದನ್ನು ಓದಿದ. ಹೊಸ ಯಂತ್ರ ಕೂರಿಸುವ ವಾರ ಯಾರಿಗೂ ರಜೆ ಇಲ್ಲವೆಂದು ತಿಳಿಸಲಾಯಿತು, ಮೇಸ್ತ್ರಿ ಒಪ್ಪಿದರು. ಅದರ ಹಿಂದಿನ ವಾರ, ಚೀಲ ಹೊಲಿಯುವ ಕಡೆಯೂ ಗಮನ ಕೊಡಲು ಒಪ್ಪಿದ್ದರು. ಅದಕ್ಕೂ ಹಿಂದೆ, ಹೊಸ ಮ್ಯಾನೇಜರ್ ಬಂದ ಮೇಲೆ ಮಿಲ್ಲು ಬಹಳ ಸುಧಾರಿಸಿದೆ ಎಂಬುದನ್ನೂ ಒಪ್ಪಿದ್ದರು.

"ಒಪ್ಪಿದೆ ಅಂತ ಬಾಯಿ ಬಿಟ್ಟು ಹೇಳಿದ್ರಾ?"

ಮ್ಯಾನೇಜರ್ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡ. "ಹೂಂ ಅಂದ್ರು."

ಆಗ ಅವಳು ಕುರ್ಚಿ ಎಳೆದುಕೊಂಡು ಕೂತಳು. ಮದುವೆಗೆ ಮುಂಚಿನಿಂದಲೂ ಗಂಡನ ಕೆಲಸ ಅರೆಯುವ ಯಂತ್ರದ ಪಕ್ಕದಲ್ಲೇ. ಅಲ್ಲಿ ಎಷ್ಟು ಕೂಗಿಕೊಂಡರೂ ಯಾರಿಗೂ ಕೇಳದೆ, ಮನುಷ್ಯ ಮಾತೆಲ್ಲವನ್ನೂ ಒಂದು ಹೂಂಗೆ ಇಳಿಸಿಬಿಟ್ಟಿದ್ದ. ಮನೆಯಲ್ಲೂ ಅದೇ ನಡೆಯುತ್ತಿತ್ತು. ಅದರಲ್ಲಿ ಬಗೆಗಳಿವೆ ಎಂದು ಅವಳು ಬಿಡಿಸಿ ಹೇಳಿದಳು. ಗಿಡ್ಡ ಹೂಂ ಅಂದರೆ ಕೇಳಿಸಿತು ಅಂತ, ಅಷ್ಟೆ. ಎಳೆದು ಕೆಳಗಿಳಿಸಿದರೆ, ನೀನು ಹೇಳುತ್ತಿರು, ನಾನು ಮಾಡೋದನ್ನೇ ಮಾಡುತ್ತೀನಿ ಅಂತ. ಮೂಗಿಗೆ ಏರಿತೆಂದರೆ ಆವತ್ತು ಎದುರಿಗೆ ನಿಲ್ಲಬಾರದು. ನಿಜವಾಗಿ ಒಪ್ಪಿಗೆಯಾದರೆ ಹೂಂ ಅನ್ನುವುದೇ ಇಲ್ಲ, ಎದ್ದು ಹೋಗಿ ಆ ಕೆಲಸ ಮಾಡುತ್ತಾರೆ.

ಮ್ಯಾನೇಜರ್ ಪೆನ್ನು ತೆಗೆದು, ಸ್ವಲ್ಪ ನಿಧಾನವಾಗಿ ಹೇಳಿ ಅಮ್ಮ ಅಂದ.

"ನಮ್ಮಪ್ಪ ನಮ್ಮ ಮದುವೆ ಮಾತು ಎತ್ತಿದಾಗ್ಲೂ ಇವರು ಹೂಂ ಅಂದಿದ್ರು ಸಾರ್."

"ಯಾವ ಹೂಂ?"

"ಇವತ್ತಿನವರೆಗೂ ನಾನು ಕೇಳೋಕೆ ಹೋಗಿಲ್ಲ."

ಮೇಸ್ತ್ರಿ ನೆಲ ನೋಡಿದ. ಇನ್ನು ರಜೆ ಇಲ್ಲವೆಂದ ಆ ಸೋಮವಾರ ಅವನು ಅಂದ ಹೂಂ ಯಾವುದೆಂದು ತಿಳಿಯಬೇಕಿತ್ತು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಒಂದು ಸಲ ಹೂಂ ಅಂದು ತೋರಿಸಿದ. ಇನ್ನೂ ಗಿಡ್ಡ ಮಾಡಿ ಅಂದಳು ಅವಳು. ಆತ ಮತ್ತೆ ಅಂದ. ಪಕ್ಕದ ಕೋಣೆಯಲ್ಲಿ ಲೆಕ್ಕ ಬರೆಯುವವರ ಸದ್ದು ನಿಂತಿತು. ಮೂರನೆಯದಕ್ಕೆ ಅವಳು ತಲೆ ಆಡಿಸಿದಳು.

"ಅದೇ ಸಾರ್. ಕೇಳಿಸ್ತು ಅಂತ ಅಷ್ಟೆ. ಹಾಗಾದ್ರೆ ಮದುವೆ ವಾರ ರಜೆ ಕೊಟ್ಟ ಹಾಗೆ ತಾನೆ?"

ಅಷ್ಟರಲ್ಲಿ ಫೋನು ಬಂತು. ಯಂತ್ರ ಕಳಿಸುವವರು ಯಾವತ್ತು ಇಳಿಸಬೇಕೆಂದು ಕೇಳುತ್ತಿದ್ದರು. ಮ್ಯಾನೇಜರ್ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣನ್ನು ಗೋಡೆಯ ಕ್ಯಾಲೆಂಡರಿನ ಮೇಲಿಟ್ಟು, ಅವಳ ಕಡೆ ತಿರುಗದೆಯೇ ಹೂಂ ಅಂದ.

ಅವಳ ಮುಖ ಅರಳಿತು. ಸೆರಗು ಸರಿಮಾಡಿಕೊಂಡು ಎದ್ದಳು, ಬಾಗಿಲವರೆಗೂ ಬಂದಳು. ಮೇಸ್ತ್ರಿ ಚೌಕಟ್ಟು ಬಿಟ್ಟು ಅಲುಗಲಿಲ್ಲ. ಆ ಕೋಣೆಯಲ್ಲಿ ಅವನು ಮೊದಲ ಸಲ ಬಾಯಿ ಬಿಟ್ಟ.

"ಹೋಗಿ ಕೂತ್ಕೋ ಕಣೆ. ಅದು ನನ್ನ ಹೂಂ. ಬರೆಸ್ಕೊಂಡು ಏಳು."